ತವರಿನ ಮಾತು, ತಳಿಯ ಮಾತು

ಬಳುವಳಿ (ನಾಮಪದ): ಮದುವೆಯಲ್ಲಿ ಮಗಳಿಗೆ ತವರಿನವರು ಕೊಡುವ ಉಡುಗೊರೆ, ವಂಶದಿಂದ ಬಂದದ್ದು.

ಹಾನಗಲ್ಲಿನ ಕಡೆ ಮದುವೆ ಮುಗಿದು ಟ್ರಂಕು, ಹಾಸಿಗೆ, ತಾಮ್ರದ ಕೊಡ ಗಾಡಿಗೇರಿದರೆ ಅದು ಬಳುವಳಿ. ಹಿಂದೆ ಹಾಲು ಕರೆಯುವ ಆಕಳೂ ಮಗಳ ಜೊತೆ ಹೋಗುತ್ತಿತ್ತು. ಈಗ ಇದೇ ಪದ ಆಸ್ಪತ್ರೆಯ ಮಾತಿನಲ್ಲೂ ಕೇಳುತ್ತದೆ: ‘ಸ್ತನ ಕ್ಯಾನ್ಸರ್ ತಾಯಿಯಿಂದ ಬಳುವಳಿಯಾಗಿ ಬಂತು.’

ಹಳಗನ್ನಡದ ರೂಪ ‘ಬೞಿವೞಿ’. ‘ಬೞಿ’ ಎಂದರೆ ದಾರಿ, ವಂಶ. ತಮಿಳು, ಮಲಯಾಳಂಗಳಲ್ಲಿ ‘ವೞಿ’ ಇಂದಿಗೂ ದಾರಿಯೇ. ತಮಿಳಿನ ‘ವೞಿವೞಿ’ ಎಂದರೆ ತಲೆತಲಾಂತರ. ತುಳುನಾಡಿನಲ್ಲಿ ‘ಬಳಿ’ ತಾಯಿಯ ಕಡೆಯ ಕುಲ.

ಕ್ಯಾನ್ಸರಿಗೆ ಈ ಪದ ಬಳಸುವಾಗ ಎರಡು ತಪ್ಪು ನುಸುಳುತ್ತವೆ. ಬಳುವಳಿಯಾಗಿ ಬರುವುದು ರೋಗವಲ್ಲ, ವಂಶವಾಹಿಯ ದೋಷ. ಅದು ತಾಯಿಯಿಂದ ಮಾತ್ರವಲ್ಲ, ತಂದೆಯಿಂದಲೂ ಬರುತ್ತದೆ; 1994ರಲ್ಲಿ ಗುರುತಿಸಿದ ಬಿಆರ್‌ಸಿಎ1, ಮರುವರ್ಷದ ಬಿಆರ್‌ಸಿಎ2 ಎಂಬ ಎರಡೂ ವಂಶವಾಹಿಗಳಲ್ಲಿ ದೋಷ ಪ್ರತಿ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಸೋದರತ್ತೆಯ ಕಾಯಿಲೆಯನ್ನೂ ವೈದ್ಯರಿಗೆ ಹೇಳಬೇಕು. ಸ್ತನ ಕ್ಯಾನ್ಸರ್‌ಗಳಲ್ಲಿ ಇಂಥ ಬಳುವಳಿಯ ಪಾಲು ನೂರಕ್ಕೆ ಸುಮಾರು 5ರಿಂದ 10 ಮಾತ್ರ.

ಈ ವಂಶವಾಹಿಗಳ ಅಧ್ಯಯನ ಹೆಚ್ಚಾಗಿ ನಡೆದದ್ದು ಯುರೋಪ್ ಮೂಲದ ಜನರಲ್ಲಿ. ಆದ್ದರಿಂದ ನಮ್ಮವರ ಪರೀಕ್ಷಾ ವರದಿಗಳಲ್ಲಿ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂಬ ಸಾಲು ಹೆಚ್ಚು ಕಾಣುತ್ತದೆ. ಈ ಕೊರತೆ ತುಂಬುವತ್ತ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ‘ಜೀನೋಮ್ ಇಂಡಿಯಾ’ ಯೋಜನೆ 10,000 ಭಾರತೀಯರ ವಂಶವಾಹಿ ನಕ್ಷೆಯನ್ನು 2024ರಲ್ಲಿ ಪೂರ್ಣಗೊಳಿಸಿದೆ.