ಅನಾಪ್ಲಾಸ್ಮಾ
ಗ್ರೀಕಿನಲ್ಲಿ ‘ಅನ್’ ಎಂದರೆ ಇಲ್ಲದ, ‘ಪ್ಲಾಸ್ಮಾ’ ಎಂದರೆ ಮೂಡಿದ ರೂಪ. ದಕ್ಷಿಣ ಆಫ್ರಿಕಾದಲ್ಲಿ ಆರ್ನಲ್ಡ್ ಥೈಲರ್ 1910ರಲ್ಲಿ ಈ ಹೆಸರಿಟ್ಟಾಗ, ದನದ ಕೆಂಪು ರಕ್ತಕಣದಲ್ಲಿ ಕಂಡ ಗಾಢ ಚುಕ್ಕಿಗೆ ಕೋಶದ್ರವವೇ ಇಲ್ಲವೆಂದು ಭಾವಿಸಿದ್ದರು. ಅದು ಬ್ಯಾಕ್ಟೀರಿಯಾ ಎಂಬುದು ಆಮೇಲೆ ತಿಳಿದದ್ದು. ಪೂರ್ಣ ಹೆಸರಿನ ‘ಮಾರ್ಜಿನಾಲೆ’ ಎಂಬ ಬಾಲ ಮಾತ್ರ ಈಗಲೂ ಸುಳ್ಳಲ್ಲ: ಚುಕ್ಕಿ ಹೆಚ್ಚಾಗಿ ಕೂರುವುದು ಕಣದ ಅಂಚಿನಲ್ಲೇ.

ಉಣ್ಣೆಯಿಂದ ಹರಡುವ ಈ ರೋಗಕ್ಕೆ ತಪ್ಪು ಹೆಸರೇಕೆ, ‘ಉಣ್ಣೆ ಜ್ವರ’ ಸಾಲದೇ ಎನ್ನಬಹುದು. ಸಾಲದು. ಉಣ್ಣೆಯೇ ತರುವ ಬೆಬೀಸಿಯಾ, ಥೈಲೇರಿಯಾಗಳಿಗೂ (ಎರಡನೆಯದು ಅದೇ ಥೈಲರ್ ಹೆಸರಿನದು!) ಆ ಮಾತು ಹೊಂದುತ್ತದೆ, ಅವು ಬ್ಯಾಕ್ಟೀರಿಯಾ ಅಲ್ಲ. ಬೆಬೀಸಿಯಾದಲ್ಲಿ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅನಾಪ್ಲಾಸ್ಮಾದಲ್ಲಿ ಹಾಗಾಗದೆ ಒಸಡು, ಕಣ್ಣು ಬಿಳಿಚಿಕೊಂಡು ಹಳದಿಗಟ್ಟುತ್ತವೆ. ಇದಕ್ಕೆ ಆಕ್ಸಿಟೆಟ್ರಾಸೈಕ್ಲಿನ್ ನಾಟುತ್ತದೆ, ಥೈಲೇರಿಯಾಕ್ಕೆ ಬೇಕಾದದ್ದು ಬುಪಾರ್ವಾಕ್ವೋನ್.