ಬೆಂಗಳೂರಿನ ದೊಡ್ಡಪೇಟೆ ಮತ್ತು ಅಲ್ಲಿಯ ವರ್ತಕ ಮಹನೀಯರು

ಬೆಂಗಳೂರು ನಗರವನ್ನು ಕಂಡ ಭಕ್ತಮಹಾಶಯರಲ್ಲಿ ಅವೆನ್ಯೂ ರಸ್ತೆಯೆಂಬ ಇಕ್ಕಟ್ಟಾದ ಅಂಗಡಿಬೀದಿಯನ್ನು ತುಳಿಯದವರು ವಿರಳ. ಪುಸ್ತಕಗಳನ್ನು ಕೊಳ್ಳಲು ಅಲ್ಲಿಗೆ ಹೋಗುವ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದೇ ಪುರಾತನವಾದ ದೊಡ್ಡಪೇಟೆಯೆಂಬುದು ತಿಳಿದಿರಲಾರದು. ಕ್ರಿ.ಶ. 1537ರಲ್ಲಿ ಯಲಹಂಕದ ಪ್ರಭುಗಳಾದ ಹಿರಿಯ ಕೆಂಪೇಗೌಡರು ಊರನ್ನು ಕಟ್ಟಿಸುವಾಗ ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಿಂದ ನಾಲ್ಕು ನೇಗಿಲುಗಳು ನಾಲ್ಕು ದಿಕ್ಕಿಗೆ ಹೊರಟುವೆಂದು ಐತಿಹ್ಯ. ನೇಗಿಲಿನ ಕಥೆ ಹೇಗಾದರೂ ಇರಲಿ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆಯೆಂಬ ನೆರೆಯ ಬೀದಿಗಳ ಒಂದೊಂದು ಹೆಸರೂ ಒಂದೊಂದು ಕಾಯಕದ ಶಾಸನದಂತಿದೆ.

1791ನೆಯ ಇಸವಿ ಮಾರ್ಚಿ ತಿಂಗಳಿನಲ್ಲಿ ಕಾರ್ನವಾಲಿಸನ ಸೇನೆಯು ಮೊದಲು ಈ ಪೇಟೆಯನ್ನೂ, ಎರಡು ವಾರಗಳ ತರುವಾಯ ಕೋಟೆಯನ್ನೂ ಹಿಡಿಯಿತು. 1800ರಲ್ಲಿ ಇಲ್ಲಿಗೆ ಬಂದ ಬುಕಾನನ್ನನು, ಟಿಪ್ಪುವಿನ ಕಾಲದಲ್ಲಿ ಹೊರರಾಜ್ಯಗಳೊಡನೆ ವ್ಯಾಪಾರವು ನಿಷಿದ್ಧವಾದುದರಿಂದ ವರ್ತಕರು ನಷ್ಟಪಟ್ಟಿದ್ದರೆಂದೂ, ಆಮೇಲೆ ಪೇಟೆ ಚೇತರಿಸಿಕೊಳ್ಳುತ್ತಲಿತ್ತೆಂದೂ ಬರೆದಿದ್ದಾನೆ. ಲಿಂಗಧಾರಿಗಳಾದ ಬಣಜಿಗರನ್ನೂ ಅವನು ಕಂಡನು. ಆಗ ಸರಕೆಲ್ಲವೂ ಹೇರೆತ್ತುಗಳ ಬೆನ್ನಮೇಲೆ ಬರುತ್ತಿತ್ತು.

ಹೀಗೆ ಚೇತರಿಸಿದ ಪೇಟೆಯಲ್ಲಿ ಸಂಪಾದನೆಯಾದ ದ್ರವ್ಯವು ಎಲ್ಲಿಗೆ ಹೋಯಿತೆಂದು ಹುಡುಕಬೇಕಾದರೆ ಬೀದಿಯನ್ನು ಬಿಟ್ಟು ಹೊರಗೆ ಬರಬೇಕು. ವೀಳ್ಯದೆಲೆಯ ವ್ಯಾಪಾರಿಗಳಾಗಿದ್ದ ಎಲೆ ಮಲ್ಲಪ್ಪಶೆಟ್ಟರ ಹಣವು ಕೃಷ್ಣರಾಜಪುರದ ಆಚೆ, ಮದರಾಸಿನ ಹಾದಿಯಲ್ಲಿ, ಕೆರೆಯಾಯಿತು. ಅವರು ಮಾರಿದ ಎಲೆಯ ಹೆಸರನ್ನು ಆ ಕೆರೆಯ ನೀರೇ ಇಂದಿಗೂ ಹೊತ್ತಿದೆ.

ಗುಬ್ಬಿ ತೋಟದಪ್ಪನವರ ವಿಷಯವನ್ನು ಕೊಂಚ ವಿಸ್ತರಿಸಿ ಹೇಳುವುದು ಉಚಿತ. ಇವರು 1838ರಲ್ಲಿ ಗುಬ್ಬಿಯ ಲಿಂಗವಂತ ಕುಲದಲ್ಲಿ ಜನಿಸಿದರು. ಮನೆತನವು ಬೆಂಗಳೂರಿಗೆ ಬಂದು ಪೇಟೆಯೊಳಗಿನ ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ನಿಂತಿತು. ಇವರಿಗೆ ಸಂತಾನವಿರಲಿಲ್ಲ. ಅಂಥ ಸಾಹುಕಾರರು ದತ್ತು ಸ್ವೀಕಾರದಿಂದ ಅಂಗಡಿಯ ಹೆಸರನ್ನು ಉಳಿಸಿಕೊಳ್ಳುವುದು ಲೋಕರೂಢಿ. ತೋಟದಪ್ಪನವರಾದರೋ ತಮ್ಮ ಸರ್ವಸ್ವವನ್ನೂ ಧರ್ಮಕ್ಕೆ ಬಿಟ್ಟರು. 1903ರಲ್ಲಿ ತೆರೆದ ಅವರ ಧರ್ಮಛತ್ರವು ಪೇಟೆಯಲ್ಲಿಲ್ಲ, ರೈಲ್ವೆ ನಿಲ್ದಾಣದ ಬಳಿಯಲ್ಲಿದೆ. ಇದರಲ್ಲಿ ವರ್ತಕನ ದೃಷ್ಟಿಯನ್ನು ಗಮನಿಸಬೇಕು. ಮೈಸೂರಿನವರೆಗೆ ರೈಲುದಾರಿ 1882ರಲ್ಲಿ ಸಿದ್ಧವಾದ ಮೇಲೆ ಪರಸ್ಥಳದವನು ಊರಬಾಗಿಲಿಗೆ ಬರುವುದನ್ನು ಬಿಟ್ಟು ನಿಲ್ದಾಣದಲ್ಲಿ ಇಳಿಯತೊಡಗಿದ್ದನು. ಛತ್ರವೂ ಅವನನ್ನು ಅಲ್ಲಿಯೇ ಎದುರುಗೊಂಡಿತು. ಸಮೀಪದಲ್ಲಿದ್ದ ಧರ್ಮಾಂಬುಧಿ ಕೆರೆ ಈಗಿಲ್ಲ, ಅದರ ಅಂಗಳದಲ್ಲಿ ಬಸ್ ನಿಲ್ದಾಣವಾಗಿದೆ. ಛತ್ರದ ಜೊತೆಗೆ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಏರ್ಪಟ್ಟಿತು. ಹಳ್ಳಿಯಿಂದ ಒಂದು ಗಂಟು ಬಟ್ಟೆಯೊಡನೆ ಬಂದ ಬಡ ಹುಡುಗನಿಗೆ ಬೆಂಗಳೂರಿನಲ್ಲಿ ಓದಬೇಕೆಂದರೆ ಪಾಠಶಾಲೆಯ ಪ್ರವೇಶಕ್ಕಿಂತಲೂ ರಾತ್ರಿ ಮಲಗುವ ಸ್ಥಳವೇ ದುರ್ಲಭವಾಗಿದ್ದ ಕಾಲವದು. ಧರ್ಮಪ್ರವರ್ತ, ರಾವ್ ಬಹದ್ದೂರ್ ಎಂಬ ಬಿರುದುಗಳನ್ನು ಪಡೆದು ಅವರು 1910ರಲ್ಲಿ ಲಿಂಗೈಕ್ಯರಾದರು. ಧರ್ಮಸಂಸ್ಥೆಯ ಭಾರವು ಕೆ.ಪಿ. ಪುಟ್ಟಣ್ಣಚೆಟ್ಟರಂಥ ದಕ್ಷರ ಕೈಗೆ ಬಂದಿತು. ಚೆಟ್ಟರು ವರ್ತಕರಲ್ಲ, ಸರ್ಕಾರದ ಅಧಿಕಾರಿಗಳು. ಪುರಸಭೆಯ ಅಧ್ಯಕ್ಷರೂ ಆಗಿದ್ದವರು. 1935ರಲ್ಲಿ ತೆರೆದ ಪುರಭವನಕ್ಕೆ ಅವರದೇ ಹೆಸರು.

ಈ ನಡುವೆ 1898ರಲ್ಲಿ ಪ್ಲೇಗು ಬಂದಿತು. ಗಾಳಿಬೆಳಕಿಲ್ಲದ ಪೇಟೆಯ ಮನೆಗಳನ್ನು ಬಿಟ್ಟು ಅನುಕೂಲಸ್ಥರು ಬಸವನಗುಡಿಗೂ ಮಲ್ಲೇಶ್ವರಕ್ಕೂ ಹೊರಟರು. ಹಗಲು ಅಂಗಡಿ ಇಲ್ಲಿ, ರಾತ್ರಿ ಸಂಸಾರ ಅಲ್ಲಿ ಎಂಬ ಪದ್ಧತಿ ಬೆಳೆಯಿತು. ಅಂಗಡಿಯ ಹಿಂದೆಯೇ ಪೂಜೆಯೂ ಅಡಿಗೆಯೂ ನಡೆಯುತ್ತಿದ್ದ ಕೋಣೆಗಳಲ್ಲಿ ಸರಕಿನ ಮೂಟೆಗಳು ತುಂಬಿದವು. ಆಸ್ತಿಯ ಪಾಲುಪಟ್ಟಿಗಳಲ್ಲಿ ಮನೆತನಗಳು ಚದುರಿದುವು. ಬೀದಿಯಲ್ಲಿ ವ್ಯಾಪಾರ ಮಾತ್ರ ಉಳಿದುಕೊಂಡಿತು. ಮಾಮೂಲುಪೇಟೆಯಲ್ಲಿ ಇಂದಿಗೂ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೊರೆಯಾಳುಗಳು ಬಂದು ನಿಂತಿರುತ್ತಾರೆ.