ಓಡಿಹೋದ ಗಂಡನ ಹೆಂಡತಿ

ಊರಲ್ಲಿದ್ದಾಗ ಮುಸ್ಲಿಂ ಮದುವೆಗಳಲ್ಲಿ ಎಷ್ಟು ಸಲ ಉಂಡಿದ್ದೀನೋ ಲೆಕ್ಕ ಇಲ್ಲ. ಆದ್ರೆ ನಿಕಾಹ್ ನಡೆಯೋದನ್ನ ಎದುರಿಗೆ ಕೂತು ನೋಡಿದ್ದು ಮೊನ್ನೆ, ನಮ್ಮ ಟೀಮಿನ ಗೆಳೆಯನ ಮದುವೆಯಲ್ಲೇ. ಹುಡುಗಿಯ ಒಪ್ಪಿಗೆ ಕೇಳಿದರು, ಮೆಹರ್ ಎಷ್ಟು ಅಂತ ಬರೆದರು, ಸಾಕ್ಷಿಗಳು ಸಹಿ ಹಾಕಿದರು. ಥೇಟ್ ಅಗ್ರಿಮೆಂಟು! ಹಾಗಂದಿದ್ದಕ್ಕೆ ಗೆಳೆಯ ನಕ್ಕ, "ಅಗ್ರಿಮೆಂಟೇ ಮಾರಾಯಾ. ನಿಕಾಹ್ ಅಂದ್ರೆ ಕರಾರು."

ಆಫರ್ ಲೆಟರ್ ಬಂದರೆ ನಾವು ಮೊದಲು ನೋಡೋದು ಸಂಬಳ, ಆಮೇಲೆ ನೋಟಿಸ್ ಪೀರಿಯಡ್. ಈ ಕರಾರಿನಿಂದ ಹೊರಬರೋದು ಹೇಗೆ? ಗಂಡನಿಗೆ ತಲಾಖ್ ಇದೆ. ಹೆಂಡತಿಗೆ? ಹುಡುಕುತ್ತಾ ಹೋದವನು ಪಂಜಾಬಿಗೆ ಮುಟ್ಟಿದೆ.

ಬ್ರಿಟಿಷರ ಕಾಲ. ಉತ್ತರ ಭಾರತದ ಬಹುಪಾಲು ಮುಸ್ಲಿಮರು ಹನಫಿ ಪಂಥದವರು. ಕೋರ್ಟುಗಳು ನೋಡುತ್ತಿದ್ದದ್ದೂ ಅದೇ ನಿಯಮ. ಗಂಡ ಹೊಡೆಯಲಿ, ಅನ್ನ ಹಾಕದಿರಲಿ, ಹೆಂಡತಿಗೆ ಬಿಡುಗಡೆ ಇಲ್ಲವೆಂಬಷ್ಟು ಕಷ್ಟ. ಗಂಡ ಕಾಣೆಯಾದರೆ, ಬದುಕಿದ್ದರೆ ಅವನಿಗೆ 90 ತುಂಬುತ್ತಿತ್ತಲ್ಲ, ಅಲ್ಲಿಯವರೆಗೂ ಕಾಯಬೇಕು ಅನ್ನೋ ಅಭಿಪ್ರಾಯವೂ ಇತ್ತು. ಕೆಲವು ಹೆಂಗಸರು ಒಂದು ಉಪಾಯ ಕಂಡುಕೊಂಡರು. ಧರ್ಮ ಬಿಟ್ಟರೆ ಮದುವೆಯೇ ರದ್ದು. ಗಂಡನಿಂದ ಪಾರಾಗಲು ದೇವರನ್ನೇ ಬಿಡುವ ಪರಿಸ್ಥಿತಿ! ಕವಿ ಇಕ್ಬಾಲ್ ಕೂಡ ತಮ್ಮ ಉಪನ್ಯಾಸದಲ್ಲಿ ಪಂಜಾಬಿನ ಈ ಹೆಂಗಸರ ಪ್ರಸ್ತಾಪ ಮಾಡಿದ್ದಾರೆ.

ಇದಕ್ಕೆ ಮದ್ದು ಹುಡುಕಿದ್ದು ಯಾರೋ ಸುಧಾರಕರಲ್ಲ, ದೇವಬಂದ್ ಪರಂಪರೆಯ ಕಟ್ಟಾ ವಿದ್ವಾಂಸ ಮೌಲಾನಾ ಅಶ್ರಫ್ ಅಲಿ ಥಾನ್ವಿ. ಅವರು ಮದೀನಾದ ಮಾಲಿಕಿ ಪಂಥದ ವಿದ್ವಾಂಸರನ್ನು ಕೇಳಿ, 1930ರ ದಶಕದ ಮೊದಲಲ್ಲಿ 'ಅಲ್-ಹೀಲತುನ್ ನಾಜಿಝಾ' ಎಂಬ ಪುಸ್ತಕ ತಂದರು. ಮಾಲಿಕಿಗಳಲ್ಲಿ ಕಾಣೆಯಾದ ಗಂಡನಿಗೆ ಕಾಯುವ ಗಡುವು 4 ವರ್ಷ. ತಮ್ಮ ಪಂಥದಲ್ಲಿ ಇಲ್ಲದ್ದನ್ನು ಪಕ್ಕದ ಪಂಥದಿಂದ ಎರವಲು ತರೋದು ಆ ಮನುಷ್ಯನಿಗೆ ಸುಲಭದ ಕೆಲಸ ಆಗಿರಲಿಕ್ಕಿಲ್ಲ.

ಮುಂದೆ ಕೇಂದ್ರ ಶಾಸನಸಭೆಯಲ್ಲಿ ಮುಹಮ್ಮದ್ ಅಹ್ಮದ್ ಕಾಜ್ಮಿ ಮಸೂದೆ ತಂದರು. 1939ರಲ್ಲಿ ಕಾಯ್ದೆ ಆಯ್ತು. ಗಂಡ 4 ವರ್ಷ ಪತ್ತೆ ಇಲ್ಲದಿದ್ದರೆ, 2 ವರ್ಷ ಜೀವನಾಂಶ ಕೊಡದಿದ್ದರೆ, ಹಿಂಸೆ ಕೊಟ್ಟರೆ ಹೆಂಡತಿ ಕೋರ್ಟಿಗೆ ಹೋಗಬಹುದು. ಜೊತೆಗೆ, ಇಸ್ಲಾಂ ಬಿಟ್ಟ ಮಾತ್ರಕ್ಕೆ ಅವಳ ಮದುವೆ ಮುರಿಯೋದಿಲ್ಲ ಅಂತ ಹಳೇ ಬಾಗಿಲನ್ನೂ ಮುಚ್ಚಿದರು. ಮುಸ್ಲಿಂ ನ್ಯಾಯಾಧೀಶರೇ ತೀರ್ಪು ಕೊಡಬೇಕು ಅನ್ನೋ ಉಲೇಮಾಗಳ ಬೇಡಿಕೆ ಮಾತ್ರ ಬಿದ್ದುಹೋಯ್ತು. ಕಾಯ್ದೆ ಇವತ್ತಿಗೂ ಇದೆ.

ಥಾನ್ವಿ ಇನ್ನೊಂದು ದಾರಿಯನ್ನೂ ಹೇಳಿದ್ದರು, ಅದು ಹನಫಿ ನಿಯಮದೊಳಗೇ ಇತ್ತು: ಇಂತಿಂಥ ಸಂದರ್ಭದಲ್ಲಿ ತಲಾಖಿನ ಅಧಿಕಾರ ಹೆಂಡತಿಗೆ ಅಂತ ನಿಕಾಹ್‌ನಲ್ಲೇ ಬರೆಸಿಕೊಳ್ಳೋದು. ಅದಕ್ಕೆ ತಫ್ವೀಜ್ ಅಂತಾರೆ.

ಸೋಮವಾರ ಕ್ಯಾಂಟೀನಲ್ಲಿ ಗೆಳೆಯನನ್ನ ಕೇಳಿದೆ, ನಿಮ್ಮದರಲ್ಲಿ ಷರತ್ತು ಏನಾದ್ರೂ ಬರೆಸಿದ್ರಾ ಅಂತ.

"ಫಾರ್ಮಲ್ಲಿ ಒಂದು ಜಾಗ ಇತ್ತು ಕಣೋ," ಅಂದ. "ಡ್ಯಾಶ್ ಹಾಕಿದ್ರು."

"ಅವರನ್ನ ಕೇಳಿದ್ರಾ?"

ಅವನು ಟೀ ಕಪ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಲ್ಲ."